ಮೂರು ಮೈಕ್ರೋವೋಲ್ಟಿನ ಕಾವಲು

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ಲಾರಿ ವೇಬ್ರಿಡ್ಜ್ ಹತ್ತಿ ನಿಂತಾಗ, ಅದರ ಭಾರ ಹೊರುವವು ಅಡಿಯಲ್ಲಿರುವ ಲೋಡ್ ಸೆಲ್‌ಗಳು. ಸಾಮಾನ್ಯ ಲೋಡ್ ಸೆಲ್‌ಗೆ 10 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ ವಾಪಸು ಸಿಗುವುದು 20 ಮಿಲಿವೋಲ್ಟ್. 60 ಟನ್‌ನ ವೇಬ್ರಿಡ್ಜ್ 10 ಕಿಲೋ ವ್ಯತ್ಯಾಸ ಗುರುತಿಸಬೇಕೆಂದರೆ ಆ 20 ಮಿಲಿವೋಲ್ಟ್ ಆರು ಸಾವಿರ ಪಾಲಾಗಬೇಕು. ಒಂದು ಪಾಲಿಗೆ ಸುಮಾರು 3.3 ಮೈಕ್ರೋವೋಲ್ಟ್. ಅಲ್ಲೇ ಪಕ್ಕದಲ್ಲಿ 230 ವೋಲ್ಟಿನ ತಂತಿ ಹಾದಿರುತ್ತದೆ. ಇಷ್ಟು ಸಣ್ಣದನ್ನು ಅಷ್ಟು ದೊಡ್ಡದರಿಂದ ಕಾಪಾಡುವ ವಿದ್ಯೆಗೆ ನೂರು ವರ್ಷದ ಇತಿಹಾಸವಿದೆ.

ಯಾವ ವಾಹಕದಲ್ಲೂ ಎಲೆಕ್ಟ್ರಾನುಗಳ ಶಾಖದ ಓಡಾಟದಿಂದಲೇ ಒಂದಿಷ್ಟು ಗದ್ದಲ ಇದ್ದೇ ಇರುತ್ತದೆಂದು 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಅಳೆದು ತೋರಿಸಿದರು, ನೈಕ್ವಿಸ್ಟ್ ಲೆಕ್ಕ ಕಟ್ಟಿಕೊಟ್ಟರು. 350 ಓಮ್‌ನ ಲೋಡ್ ಸೆಲ್‌ಗೆ ಆ ಲೆಕ್ಕ ಹಾಕಿದರೆ, 10 ಹರ್ಟ್ಸ್ ಹರವಿನಲ್ಲಿ ಸಿಗುವುದು ಎಂಟು ನ್ಯಾನೋವೋಲ್ಟ್‌ಗಿಂತ ಕಡಿಮೆ; ನಮಗೆ ಬೇಕಾದ 3.3 ಮೈಕ್ರೋವೋಲ್ಟಿನ ನಾನೂರನೇ ಒಂದು ಭಾಗದಷ್ಟು. ನಿಸರ್ಗ ಹಾಕಿದ ಗಡಿ ಅಷ್ಟು ದೂರದಲ್ಲಿದೆ. ವೇಬ್ರಿಡ್ಜ್‌ನ ಅಂಕಿ ಕುಣಿಯುತ್ತಿದ್ದರೆ ಕಾರಣ ಹೆಚ್ಚಾಗಿ ನಾವೇ ಎಳೆದ ತಂತಿ, ನಾವೇ ಕೂರಿಸಿದ ಮೋಟಾರು. ಹಾಗಾಗಿ ಅದನ್ನು ತಡೆಯುವುದೂ ನಮ್ಮ ಕೈಯಲ್ಲೇ ಇದೆ.

1970ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಎದ್ದು ನಿಂತಿತು. ಜಗತ್ತಿನಾದ್ಯಂತ ಅಂಥ ಕಾರ್ಖಾನೆಗಳು ಗಾಳಿಯ ಒತ್ತಡದಿಂದ ಸಂಕೇತ ಕಳಿಸುವುದನ್ನು ಬಿಟ್ಟು ವಿದ್ಯುತ್ತಿಗೆ ಹೊರಳುತ್ತಿದ್ದ ಕಾಲವದು. ಅಳತೆಯನ್ನು ವೋಲ್ಟೇಜಾಗಿ ಕಳಿಸಿದರೆ ದಾರಿಯುದ್ದಕ್ಕೂ ಗದ್ದಲ ಬಂದು ಕೂಡಿಕೊಳ್ಳುತ್ತದೆ. 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸಿದರೆ ತಂತಿ ನೂರಾರು ಮೀಟರ್ ಉದ್ದವಿದ್ದರೂ ಅಳತೆ ಕೆಡುವುದು ಅಪರೂಪ. ತಂತಿ ತುಂಡಾದರೆ ಸೊನ್ನೆ ಬಂದು ಅದೂ ತಿಳಿಯುತ್ತದೆ. ಈ ಪದ್ಧತಿಗೆ 1975ರಲ್ಲಿ ಅಮೆರಿಕದಲ್ಲಿ ಮಾನಕದ ಮುದ್ರೆ ಬಿತ್ತು. ಐವತ್ತು ವರ್ಷ ಕಳೆದರೂ ಇದು ಬದಲಾಗಿಲ್ಲ. ಈ ಕ್ಷೇತ್ರದ ಅತ್ಯಂತ ಗಟ್ಟಿ ಕೆಲಸ ಇದೇ ಎಂದು ನನ್ನ ಎಣಿಕೆ.

ಇನ್ನೊಂದು ಜಾಣ್ಮೆ ಸಮಯದ್ದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಡಿಜಿಟಲ್ ಮೀಟರು ಸರಿಯಾಗಿ ಅಷ್ಟೇ ಹೊತ್ತು ಸಂಕೇತವನ್ನು ಒಟ್ಟುಗೂಡಿಸಿದರೆ ಅದಕ್ಕೆ ಸೇರಿಕೊಂಡ ಆ ಏರಿಳಿತದ ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಒಂದನ್ನೊಂದು ಅಳಿಸಿಹಾಕುತ್ತವೆ. ಆದರೆ ನಮ್ಮ ಗ್ರಿಡ್‌ಗೆ ನಿಗದಿಯಾದ ಮಿತಿಯೇ 49.90ರಿಂದ 50.05 ಹರ್ಟ್ಸ್. ಆ ಚೂರು ಓಲಾಟದಿಂದ ಒಂದಿಷ್ಟು ಗದ್ದಲ ಉಳಿದೇ ಉಳಿಯುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವ ಬಣ್ಣವನ್ನು ಪ್ರಯೋಗಾಲಯದಲ್ಲಿ 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಕ್ಷೀಣ ಬೆಳಕನ್ನು ಒಂದು ಲಯದಲ್ಲಿ ತಡೆದು ಬಿಟ್ಟು, ಅದೇ ಲಯದ ಸಂಕೇತವನ್ನಷ್ಟೇ ಆರಿಸಿಕೊಳ್ಳುವ ಉಪಾಯವನ್ನು ಇಂಥ ಎಷ್ಟೋ ಉಪಕರಣಗಳು ಬಳಸುತ್ತವೆ. ರೇಡಿಯೋ ಅಲೆಗಳ ಅಳತೆಯಲ್ಲಿ ರಾಬರ್ಟ್ ಡಿಕಿ 1946ರಲ್ಲೇ ಇಂಥದ್ದನ್ನು ಮಾಡಿ ತೋರಿಸಿದ್ದರು.

1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಅಳತೆಯ ಕೆಲಸ ಒಂದು ಕಾರ್ಡಿನ ರೂಪದಲ್ಲಿ ಕಂಪ್ಯೂಟರಿನೊಳಗೇ ಹೊಕ್ಕಿತು. ಅದರ ಜೊತೆಗೆ ಹೊಸ ತೊಂದರೆಯೂ ಬಂತು. ಲೋಡ್ ಸೆಲ್‌ನ ಕಬ್ಬಿಣದ ಚೌಕಟ್ಟಿಗೆ ಒಂದು ಅರ್ಥಿಂಗ್, ಕಚೇರಿಯ ಕಂಪ್ಯೂಟರಿಗೆ ಇನ್ನೊಂದು. ಎರಡೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸದಿಂದ ಹುಟ್ಟಿದ ಕರೆಂಟು ಸಿಗ್ನಲ್ ತಂತಿಯ ಶೀಲ್ಡ್‌ನಲ್ಲೇ ಹರಿದು ಅಳತೆಗೆ ಗದ್ದಲ ಸೇರಿಸುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಕಂಪ್ಯೂಟರಿನ ಜಾಗದಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದರ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಬೇಕು. ಕುಣಿಯುತ್ತಿದ್ದ ಅಂಕಿ ತಟ್ಟನೆ ನಿಂತರೆ ಅನುಮಾನ ನೇರವಾಗಿ ಅರ್ಥಿಂಗಿನ ಸುತ್ತು ಮತ್ತು ಚಾರ್ಜರಿನ ಮೇಲೆ. ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಒಂದಕ್ಕೊಂದು ಹೆಣೆದ ಜೋಡಿ ತಂತಿ ಎಳೆದು, ಎರಡೂ ತಂತಿಗೆ ಸಮನಾಗಿ ಬಂದದ್ದನ್ನು ಕಳೆದು ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಆಂಪ್ಲಿಫೈಯರ್ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧಕ್ಕೆ, ಬೆಳಕಿನ ಮೂಲಕ ಸಂಕೇತ ದಾಟಿಸಿ ವಿದ್ಯುತ್ ಸಂಬಂಧವನ್ನೇ ಕಡಿದುಹಾಕುವ ಐಸೊಲೇಟರ್ ಇದೆ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಎರೆಭೂಮಿಯನ್ನು ಮರೆಯುವಂತಿಲ್ಲ. ಮೆಣಸಿನಕಾಯಿ ಆವಕ ಜೋರಾಗಿರುವ ಫೆಬ್ರವರಿ, ಮಾರ್ಚ್‌ನಲ್ಲೇ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಅರ್ಥ್ ಪೈಪಿನ ಸುತ್ತ ತೇವ ಆರಿದಂತೆ ರೋಧ ಏರುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ನೀರು ಹೊಯ್ಯುವ ಹಳೆಯ ರೂಢಿ ಆ ದಿನಗಳಲ್ಲಿ ತಪ್ಪಬಾರದು.

ಈಗ ಕೈಗೆಟಕುವ ಬೆಲೆಗೆ 24 ಬಿಟ್‌ನ ಸಿಗ್ಮಾ-ಡೆಲ್ಟಾ ಚಿಪ್ ಸಿಗುತ್ತದೆ. ಅಂಥದ್ದೊಂದು ಚಿಪ್, ಸೆಕೆಂಡಿಗೆ 10 ಅಳತೆ ಕೊಡುವ ಎಚ್‌ಎಕ್ಸ್711, ತಾನೇ 50 ಹರ್ಟ್ಸನ್ನು ಸೋಸಿಬಿಡುತ್ತದೆ. ಅತ್ತ ಕೋಲ್ಡ್ ಸ್ಟೋರೇಜಿನ ಕಂಪ್ರೆಸರಿನಿಂದ ಬೀಜ ಸಂಸ್ಕರಣೆಯ ಮೋಟಾರಿನವರೆಗೆ ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಡ್ರೈವ್‌ಗಳು ಬಂದಿವೆ. ಇವು ಸೆಕೆಂಡಿಗೆ ಸಾವಿರಾರು ಬಾರಿ ಕರೆಂಟನ್ನು ಕಡಿದು ಜೋಡಿಸುತ್ತವೆ. ಸೋಸದೆ ಸೆಕೆಂಡಿಗೆ 100 ಅಳತೆ ತೆಗೆದುಕೊಳ್ಳುವ ಕಾರ್ಡ್ ಹಾಕಿದ್ದೀರಿ ಎನ್ನಿ. 4003 ಹರ್ಟ್ಸ್ ಗದ್ದಲ ಅದರಲ್ಲಿ 3 ಹರ್ಟ್ಸಿನ ನಿಧಾನದ ಓಲಾಟವಾಗಿ ಕಾಣುತ್ತದೆ, ಥೇಟು ನಿಜವಾದ ಅಳತೆಯಂತೆ. ಒಮ್ಮೆ ಅಂಕಿಯಾದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಬೇರ್ಪಡಿಸಲಾರದು. ನೂರು ಅಳತೆಗಳ ಸರಾಸರಿ ತೆಗೆದರೆ ಗದ್ದಲ ಹತ್ತು ಪಟ್ಟು ಇಳಿಯುತ್ತದೆ ಎಂಬ ಪಾಠವೂ ಗೊತ್ತುಗುರಿಯಿಲ್ಲದ ಗದ್ದಲಕ್ಕೆ ಮಾತ್ರ ಸಲ್ಲುತ್ತದೆ. ಹಾಗಾಗಿ ಅಂಕಿಯಾಗುವ ಮೊದಲೇ ಗದ್ದಲವನ್ನು ಸೋಸಲು ಚಿಪ್‌ಗೆ ಮುಂಚೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇರಲೇಬೇಕು.

ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ರಾಣೆಬೆನ್ನೂರಿನ ಎಸ್‌ಟಿಜೆ ತಾಂತ್ರಿಕ ವಿದ್ಯಾಲಯದಲ್ಲಾಗಲಿ ಓದುವ ಹುಡುಗ ಹುಡುಗಿಯರಿಂದ ಈ ನೆಲಕ್ಕೆ ಆಗಬೇಕಾದ ಕೆಲಸ ಇಲ್ಲಿದೆ: ಸೆನ್ಸರ್ ಕಳಚಿ, ಕಾರ್ಡಿನ ಎರಡೂ ಇನ್‌ಪುಟ್ ಒಂದಕ್ಕೊಂದು ಸೇರಿಸಿ ಅರ್ಥ್‌ಗೆ ಕಟ್ಟಿ, ಬರುವ ಅಂಕಿಗಳನ್ನು ಬರೆದಿಡುವುದು. ಆಮೇಲೆ ಅದೇ ಜೋಡಣೆಯನ್ನು ತಂತಿಯ ದೂರದ ತುದಿಯಲ್ಲಿ ಮಾಡುವುದು. ಪಕ್ಕದ ಕಂಪ್ರೆಸರ್ ಬಂದ್ ಇದ್ದಾಗ ಒಮ್ಮೆ, ಓಡುವಾಗ ಒಮ್ಮೆ. ಮೊದಲ ಸಾಲು ಕಾರ್ಡಿನ ಗದ್ದಲ, ಎರಡನೆಯದರಲ್ಲಿ ಹೆಚ್ಚಿದ್ದು ತಂತಿಯದು, ಮೂರನೆಯದರಲ್ಲಿ ಇನ್ನೂ ಹೆಚ್ಚಿದ್ದು ಮೋಟಾರಿನದು.