ತಾಯಿಯ ಮಡಿಲಿನಾಚೆಗೆ: ಮಗುವಿನ ಬೆಳವಣಿಗೆಯ ಅಧ್ಯಯನ ನಡೆದುಬಂದ ದಾರಿ

ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿದರೆ ಸಾಕು. 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ತಾಯಂದಿರಿಗೆ ಕೊಟ್ಟ ಉಪದೇಶವಿದು. ಅದನ್ನು ಶಾಸ್ತ್ರವೆಂದೇ ಓದಿದವರು ಬಹಳ ಮಂದಿ. ಆ ಕಾಲದ ಆಸ್ಪತ್ರೆಗಳೂ ಸೋಂಕಿನ ಭಯದಿಂದ ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಟ್ಟುಕೊಳ್ಳುತ್ತಿದ್ದುದು ಅಪರೂಪ. ಹೊಟ್ಟೆಗೆ ಹಾಲು, ಮೈಗೆ ಶುಚಿಯಾದ ಬಟ್ಟೆ, ವೇಳೆಗೆ ಸರಿಯಾಗಿ ನಿದ್ದೆ ಸಿಕ್ಕರೆ ಕೂಸು ಬೆಳೆಯುತ್ತದೆ ಎಂಬುದು ಕಲಿತವರ ನಂಬಿಕೆಯಾಗಿತ್ತು.

ಆ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟವರು ಆಸ್ಟ್ರಿಯಾ ಮೂಲದ ವೈದ್ಯ ರೆನೆ ಸ್ಪಿಟ್ಸ್. 1945ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಸ್ಥೆಗಳ ಹೋಲಿಕೆಯಿದೆ. ಒಂದು, ಚೊಕ್ಕಟವಾದ ಅನಾಥಾಲಯ. ಅಲ್ಲಿ ಒಬ್ಬೊಬ್ಬ ದಾದಿಯ ಪಾಲಿಗೆ ಹಲವು ಕೂಸುಗಳು. ಇನ್ನೊಂದು ಹೆಂಗಸರ ಜೈಲಿನ ಶಿಶುಗೃಹ. ಅಲ್ಲಿ ಕೈದಿ ತಾಯಂದಿರೇ ತಮ್ಮ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅನಾಥಾಲಯದ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೀರಿಕೊಂಡಿದ್ದವು. ಬದುಕುಳಿದವುಗಳಲ್ಲಿ ಹಲವಕ್ಕೆ ನಡೆಯಲೂ ಬರುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಜೈಲಿನ ಮಕ್ಕಳು ಸಾಮಾನ್ಯ ಮಕ್ಕಳಂತೆಯೇ ಬೆಳೆದಿದ್ದರು. ಸ್ಪಿಟ್ಸ್ ಅವರ ಅಧ್ಯಯನದ ವಿಧಾನದಲ್ಲಿ ಲೋಪಗಳಿವೆ ಎಂದು ಆಮೇಲಿನವರು ಎತ್ತಿ ತೋರಿಸಿದರು. ಆದರೆ ಅವರು ಕೇಳಿದ ಪ್ರಶ್ನೆಯನ್ನು ಅಳಿಸಿಹಾಕಲು ಯಾರಿಂದಲೂ ಆಗಲಿಲ್ಲ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಎರಡನೇ ಮಹಾಯುದ್ಧ ಇನ್ನೊಂದು ಪಾಠ ಕಲಿಸುತ್ತಿತ್ತು. ಬಾಂಬು ಬೀಳುವ ನಗರಗಳಿಂದ ಲಕ್ಷಾಂತರ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಲಾಗಿತ್ತು. ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಗೃಹ ನಡೆಸುತ್ತಿದ್ದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಕಂಡುಕೊಂಡದ್ದು ವಿಚಿತ್ರವಾಗಿತ್ತು: ಬಾಂಬಿನ ಸದ್ದಿನ ನಡುವೆಯೂ ತಾಯಿಯ ಪಕ್ಕದಲ್ಲಿದ್ದ ಮಗುವಿಗಿಂತ, ತಾಯಿಯನ್ನು ಬಿಟ್ಟು ಸುರಕ್ಷಿತ ಊರು ಸೇರಿದ ಮಗುವೇ ಹೆಚ್ಚು ಕಂಗೆಟ್ಟಿತ್ತು. ಇವೆಲ್ಲವನ್ನೂ ಒಟ್ಟುಗೂಡಿಸಿ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದುಕೊಟ್ಟರು. ಎಳವೆಯಲ್ಲಿ ತಾಯಿಯ, ಇಲ್ಲವೇ ತಾಯಿಯ ಸ್ಥಾನದಲ್ಲಿ ನಿಂತವರ ಬೆಚ್ಚಗಿನ ಒಡನಾಟ ತಪ್ಪಿದರೆ ಮನಸ್ಸು ನರಳುತ್ತದೆ ಎಂಬುದು ಅದರ ತಿರುಳು.

ಈ ವರದಿಯನ್ನು ಓದಿದವರಿಗಿಂತ ಬಳಸಿಕೊಂಡವರೇ ಹೆಚ್ಚು ಎಂದು ನನಗನ್ನಿಸುತ್ತದೆ. ಯುದ್ಧಕಾಲದಲ್ಲಿ ಹೆಂಗಸರು ಕಾರ್ಖಾನೆಗೆ ಹೋಗಲೆಂದು ಬ್ರಿಟಿಷ್ ಸರ್ಕಾರ ತೆರೆದಿದ್ದ ಶಿಶುಗೃಹಗಳು ಯುದ್ಧ ಮುಗಿಯುತ್ತಲೇ ಮುಚ್ಚತೊಡಗಿದ್ದವು. ತಾಯಿ ಮನೆಯಲ್ಲಿರಲಿ ಎಂಬ ವಾದಕ್ಕೆ ಈಗ ವಿಜ್ಞಾನದ ಮುದ್ರೆಯೂ ಸಿಕ್ಕಂತಾಯಿತು. ಮಕ್ಕಳು ಚೆನ್ನಾಗಿರಬೇಕಾದರೆ ಸಮಾಜ ತಂದೆತಾಯಿಗಳಿಗೆ ಆಸರೆಯಾಗಿ ನಿಲ್ಲಬೇಕು ಎಂದು ಬೌಲ್ಬಿ ಅದೇ ವರದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ಭಾಗವನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಿಗೆ ಬುದ್ಧಿ ಹೇಳಲು ಖರ್ಚಿಲ್ಲ ನೋಡಿ! ಒಂದು ಒಳ್ಳೆಯದಂತೂ ಆಯಿತು. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಮೇಲೆ 1952ರಲ್ಲಿ ತೆಗೆದ ಸಾಕ್ಷ್ಯಚಿತ್ರ ವೈದ್ಯರನ್ನು ಮೊದಮೊದಲು ಕೆರಳಿಸಿದರೂ, 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ ಮಕ್ಕಳ ವಾರ್ಡಿನ ಬಾಗಿಲು ತಂದೆತಾಯಿಗೆ ತೆರೆದಿರಲಿ ಎಂದು ಶಿಫಾರಸು ಮಾಡಿತು.

ತಾಯಿ ಮತ್ತು ಮಗು ಇಬ್ಬರೇ ಇರುವ ಮನೆ ಲೋಕದ ಎಷ್ಟು ಕಡೆ ಇದೆ? ಈ ಪ್ರಶ್ನೆ ಎತ್ತಿದವರು ಮಾನವಶಾಸ್ತ್ರಜ್ಞರು. ಜಾನ್ ಮತ್ತು ಬಿಯಾಟ್ರಿಸ್ ವೈಟಿಂಗ್ ದಂಪತಿಯ ನೇತೃತ್ವದಲ್ಲಿ ಆರು ಸಂಸ್ಕೃತಿಗಳ ಮಕ್ಕಳ ಸಾಕಣೆಯನ್ನು ಹೋಲಿಸಿದ ಗ್ರಂಥ 1963ರಲ್ಲಿ ಬಂತು. ಅದರಲ್ಲಿ ಉತ್ತರ ಪ್ರದೇಶದ ಖಾಲಾಪುರದ ರಜಪೂತ ಮನೆಗಳೂ ಸೇರಿದ್ದವು. ಅಲ್ಲಿ ಕೂಸು ಬೆಳೆಯುತ್ತಿದ್ದುದು ಅಜ್ಜಿ, ಓರಗಿತ್ತಿಯರು, ದೊಡ್ಡ ಮಕ್ಕಳು ತುಂಬಿದ ಅಂಗಳದಲ್ಲಿ. ಅವಿಭಕ್ತ ಕುಟುಂಬವೇ ಸ್ವರ್ಗ ಎನ್ನಲು ಈ ಉದಾಹರಣೆ ಸಲ್ಲದು. ಆ ಅಂಗಳ ಹೆಂಗಸರನ್ನು ಪರದೆಯೊಳಗೆ ಇಟ್ಟ ಅಂಗಳವೂ ಹೌದು. ಬೌಲ್ಬಿಯ ಬಾಂಧವ್ಯ ಸಿದ್ಧಾಂತಕ್ಕೆ ಪ್ರಯೋಗದ ಬಲ ತಂದ ಮೇರಿ ಐನ್ಸ್‌ವರ್ತ್ ಕೂಡ ತಾಯಿ-ಮಗುವಿನ ಒಡನಾಟವನ್ನು ಮನೆಮನೆಗೆ ಹೋಗಿ ಗಮನಿಸಿದ್ದು ಮೊದಲು ಉಗಾಂಡಾದ ಹಳ್ಳಿಗಳಲ್ಲಿ. ಬಾಲ್ಟಿಮೋರಿನ ಪ್ರಯೋಗಾಲಯ ಬಂದದ್ದು ಆಮೇಲೆ.

ಎಪ್ಪತ್ತರ ದಶಕದಲ್ಲಿ ನೋಟ ಹಿಗ್ಗಿತು. ಮನೋವೈದ್ಯ ಮೈಕೆಲ್ ರಟರ್ 1972ರಲ್ಲಿ, ತಾಯಿಯಿಂದ ಅಗಲುವುದೊಂದೇ ಕೇಡಿನ ಮೂಲವಲ್ಲ, ಮನೆಯೊಳಗಿನ ಜಗಳ ಮತ್ತು ಬಡತನವನ್ನೂ ಬಿಡಿಸಿ ನೋಡಬೇಕು ಎಂದರು. ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ 1974ರಲ್ಲಿ, ಮೂವತ್ತರ ದಶಕದ ಆರ್ಥಿಕ ಕುಸಿತ ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಮಕ್ಕಳ ಬದುಕನ್ನು ಹೇಗೆ ತಿರುಗಿಸಿತು ಎಂದು ದಾಖಲಿಸಿದರು. 1979ರಲ್ಲಿ ಬಂದ ಯೂರಿ ಬ್ರಾನ್‌ಫೆನ್‌ಬ್ರೆನ್ನರ್ ಅವರ ಗ್ರಂಥ ಮನೆ, ಶಾಲೆ, ಅಪ್ಪನ ಕೆಲಸದ ಪಾಳಿ, ಸರ್ಕಾರದ ನೀತಿ ಎಲ್ಲವನ್ನೂ ಮಗುವಿನ ಸುತ್ತ ವೃತ್ತದ ಹೊರಗೊಂದು ವೃತ್ತದಂತೆ ಹಬ್ಬಿದ ಪರಿಸರವೆಂದೇ ಎಣಿಸಿತು. ಇಂದು ಬಿ.ಎಡ್. ವಿದ್ಯಾರ್ಥಿಗಳು ಆ ವೃತ್ತಗಳ ಚಿತ್ರ ಬರೆದು ಅಂಕ ಗಳಿಸುತ್ತಾರೆ. ಚಿತ್ರ ಬರೆಯುವುದು ಸುಲಭ. ಬಡತನವನ್ನೇ ತೆಗೆದು ಪಕ್ಕಕ್ಕಿಟ್ಟರೆ ಮಗು ಬದಲಾಗುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ?

ಆ ಪರೀಕ್ಷೆ ಯಾರೂ ಯೋಜಿಸದೆ ತಾನಾಗಿ ನಡೆದುಹೋಯಿತು. ಜೇನ್ ಕಾಸ್ಟೆಲ್ಲೊ ಮತ್ತು ಸಂಗಡಿಗರು 1993ರಿಂದ ಅಮೆರಿಕದ ನಾರ್ತ್ ಕೆರೊಲಿನಾದ ಗುಡ್ಡಗಾಡಿನಲ್ಲಿ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ವರ್ಷವರ್ಷವೂ ಅಳೆಯುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಚೆರೋಕಿ ಮೂಲನಿವಾಸಿಗಳ ಮಕ್ಕಳು. ಅಧ್ಯಯನ ನಡೆಯುತ್ತಿರುವಾಗಲೇ ಚೆರೋಕಿ ಸಮುದಾಯದ ನೆಲದಲ್ಲಿ ಕ್ಯಾಸಿನೊ ಬಂತು. ಲಾಭದ ಒಂದು ಪಾಲು ಆರು ತಿಂಗಳಿಗೊಮ್ಮೆ ಸಮುದಾಯದ ಪ್ರತಿಯೊಬ್ಬರಿಗೂ ಸಿಗತೊಡಗಿತು. ಯಾರೂ ಅರ್ಜಿ ಹಾಕಬೇಕಿರಲಿಲ್ಲ, ಒಳ್ಳೆಯ ತಾಯಿ ಎಂದು ಸಾಬೀತು ಮಾಡಬೇಕಿರಲಿಲ್ಲ. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಜಗಳಗಂಟಿತನ, ಹಟಮಾರಿತನದಂಥ ನಡವಳಿಕೆಯ ತೊಂದರೆಗಳು, ಎಂದೂ ಬಡವರಾಗಿರದ ಮನೆಗಳ ಮಕ್ಕಳ ಮಟ್ಟಕ್ಕೆ ಇಳಿದಿದ್ದವು. ಆತಂಕ, ಖಿನ್ನತೆಗಳು ಮಾತ್ರ ಅಷ್ಟಾಗಿ ಕದಲಲಿಲ್ಲ. ಹಣ ಕೆಲಸ ಮಾಡಿದ್ದು ಯಾವ ದಾರಿಯಲ್ಲಿ ಎಂದು ಹುಡುಕಿದಾಗ ಮುಖ್ಯವಾಗಿ ಕಂಡದ್ದು, ಮಕ್ಕಳ ಕಡೆ ಗಮನ ಕೊಡಲು ತಂದೆತಾಯಿಗೆ ಬಿಡುವು ಸಿಕ್ಕಿತ್ತು ಎಂಬುದು. ಸಾಕುವ ಗುಣ ಅವರಲ್ಲಿ ಮೊದಲೂ ಇತ್ತು, ಪುರಸೊತ್ತು ಇರಲಿಲ್ಲ. ಈ ಕ್ಷೇತ್ರದಲ್ಲಿ ನಾನು ಓದಿದವುಗಳಲ್ಲಿ ಇಷ್ಟು ನೇರವಾಗಿ ಮಾತಾಡುವ ಪ್ರಬಂಧ ಇನ್ನೊಂದಿಲ್ಲ.

ಮಕ್ಕಳ ಬದುಕನ್ನು ಸಮಾಜವೇ ಕೈಯಾರೆ ಹಾಳುಮಾಡಿದ್ದಕ್ಕೆ ಸಾಕ್ಷಿ ರೊಮೇನಿಯಾ. ಜನಸಂಖ್ಯೆ ಹೆಚ್ಚಿಸಲು ಚೌಷೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿತು. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳನ್ನು ತುಂಬಿದರು. ಆಡಳಿತ ಬಿದ್ದ ಮೇಲೆ, 2000ರ ಸುಮಾರಿಗೆ, ಬುಕಾರೆಸ್ಟಿನ ಅನಾಥಾಲಯಗಳಲ್ಲಿದ್ದ 136 ಮಕ್ಕಳಲ್ಲಿ ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿ ಹೋಲಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಚೇತರಿಕೆ ಹಲವು ವಿಷಯಗಳಲ್ಲಿ ಹೆಚ್ಚು. ಅನಾಥಾಲಯದಲ್ಲಿ ಪಾಳಿಗೊಂದು ಮುಖ ಬದಲಾಗುತ್ತಿತ್ತು. ಕೂಸಿಗೆ ತನ್ನವರೆಂದು ಯಾರನ್ನೂ ಹಿಡಿದುಕೊಳ್ಳಲಾಗುತ್ತಿರಲಿಲ್ಲ.

ನಮ್ಮಲ್ಲಿ ಈ ಚರ್ಚೆ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಅಂಗಳದಲ್ಲೇ ನಡೆಯಿತು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಬಾಲವಾಡಿಗೆ ಬಾರದ ಬಡ ಮಕ್ಕಳಿದ್ದಲ್ಲಿಗೇ ಬಾಲವಾಡಿಯನ್ನು ಒಯ್ದರು. 1969ರಲ್ಲಿ ಮೀರಾ ಮಹಾದೇವನ್ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲಿ ಕೂಲಿ ಹೆಂಗಸರ ಮಕ್ಕಳಿಗಾಗಿ ಮೊಬೈಲ್ ಕ್ರೆಷಸ್ ಆರಂಭಿಸಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ದೇಶದಲ್ಲಿ ಆ ಯೋಜನೆಯ ಅಂಗನವಾಡಿಗಳು ಸುಮಾರು 14 ಲಕ್ಷ. ಅವನ್ನು ನಡೆಸುವ ಹೆಂಗಸರಿಗೆ ಸಿಗುವುದು ಮಾತ್ರ ಸಂಬಳವಲ್ಲ, ಗೌರವಧನ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2022ರವರೆಗೆ ಕಾಯಬೇಕಾಯಿತು.

ಅಂಗನವಾಡಿಯ ಗಮನ ಬಹುಮಟ್ಟಿಗೆ ಮೂರು ದಾಟಿದ ಮಕ್ಕಳ ಮೇಲೆ. ಅದಕ್ಕೂ ಚಿಕ್ಕವರಿಗೆ ಸಿಗುವುದು ಹೆಚ್ಚಾಗಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಬುಕಾರೆಸ್ಟಿನ ಅಧ್ಯಯನ ನಿರ್ಣಾಯಕ ಎಂದದ್ದು ಆ ವಯಸ್ಸಿನ ಮೊದಲ ಎರಡು ವರ್ಷಗಳನ್ನೇ. ಕೂಲಿಗೆ ಹೋಗುವ ತಾಯಿ ಆ ಕೂಸನ್ನು ಎಲ್ಲಿ ಬಿಡಬೇಕು? ಕೆಲಸದ ಜಾಗದಲ್ಲಿ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ದರೆ ಒಬ್ಬ ಹೆಂಗಸನ್ನು ಅವರ ಆರೈಕೆಗೇ ನೇಮಿಸಬೇಕೆಂದು 2005ರ ನರೇಗಾ (ಗ್ರಾಮೀಣ ಉದ್ಯೋಗ ಖಾತ್ರಿ) ಕಾಯ್ದೆಯಲ್ಲೇ ಬರೆದಿತ್ತು. ಕರ್ನಾಟಕ 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ‘ಕೂಸಿನ ಮನೆ’ಗಳ ಮೂಲಕ ಆ ಖಾಲಿ ಜಾಗಕ್ಕೆ ಕೈಹಾಕಿತು. ಆರೈಕೆಗೆ ತರಬೇತಿ ಪಡೆದವರೂ ಜಾಬ್ ಕಾರ್ಡ್ ಇರುವ ಹೆಂಗಸರೇ. ಆದರೆ ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿ ಎಂಬ ಮಿತಿ ಇದ್ದುದರಿಂದ ಅವರು ಸರದಿಯ ಮೇಲೆ ಬದಲಾಗಲೇಬೇಕಿತ್ತು. ವರ್ಷವಿಡೀ ಒಬ್ಬಳೇ ನಿಂತು ನೋಡಿಕೊಳ್ಳುವಂತೆ ಆಕೆಗೆ ಖಾಯಂ ಸಂಬಳ ಕೊಡಬೇಕಾದರೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕು ಎಂಬುದು ಪಂಚಾಯಿತಿಯ ಮೇಜಿನ ಮೇಲಿರುವ ಪ್ರಶ್ನೆ.