ಕೋತಿ, ಪಂಪು ಮತ್ತು ನನ್ನ ಇಂಗ್ಲಿಷು

ಮೊನ್ನೆ ಹಳೇ ಹಾರ್ಡ್ ಡಿಸ್ಕ್ ತಡಕಾಡುವಾಗ 'ಮಂಕಿ ಐಲ್ಯಾಂಡ್ 2' ಸಿಕ್ಕಿತು. ಸೇವ್ ಮಾಡಿಟ್ಟಿದ್ದ ಆಟ ಇನ್ನೂ ಆ ಜಲಪಾತದ ಹತ್ತಿರವೇ ನಿಂತಿತ್ತು! ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಎರಡು ವಾರ ನನ್ನ ನಿದ್ದೆ ಕೆಡಿಸಿದ ಜಾಗ ಅದು. ಅದನ್ನು ಹೇಳುವ ಮುಂಚೆ ಸ್ವಲ್ಪ ಇತಿಹಾಸ ಕೊರೀತೀನಿ, ಸಹಿಸಿಕೊಳ್ಳಿ :)

1984ರಲ್ಲಿ ಸಿಯೆರಾ ಕಂಪನಿಯ 'ಕಿಂಗ್ಸ್ ಕ್ವೆಸ್ಟ್' ಬಂತು. ಬಣ್ಣದ ಚಿತ್ರ, ಓಡಾಡೋ ನಾಯಕ ಎಲ್ಲಾ ಇತ್ತು. ಆದರೆ ಅವನ ಕೈಲಿ ಏನಾದರೂ ಮಾಡಿಸಬೇಕು ಅಂದರೆ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಎದುರಿಗೆ ಒಂದು ಗಿಡ ಕಾಣಿಸ್ತಿದೆ ಅಂದುಕೊಳ್ಳಿ. ಬುಷ್ ಅನ್ನಬೇಕೋ, ಪ್ಲಾಂಟ್ ಅನ್ನಬೇಕೋ? ಪ್ರೋಗ್ರಾಂ ಬರೆದವರ ತಲೆಯಲ್ಲಿದ್ದ ಪದವೇ ನಮಗೂ ಹೊಳೀಬೇಕು.

ಈ ಕಾಟ ತಪ್ಪಿಸಿದವರಲ್ಲಿ ಲೂಕಾಸ್‌ಫಿಲ್ಮ್ ಗೇಮ್ಸ್‌ನ ರಾನ್ ಗಿಲ್ಬರ್ಟ್ ಮುಖ್ಯ. (ಮೊದಲಿಗ ಅಲ್ಲ. 1985ರ 'ಡೇಜಾ ವೂ' ಆಗಲೇ ಮೌಸ್ ಹಿಡಿದಿತ್ತು.) 1987ರ 'ಮೇನಿಯಾಕ್ ಮ್ಯಾನ್ಷನ್'ನಲ್ಲಿ ಆತ ಮತ್ತು ಗ್ಯಾರಿ ವಿನ್ನಿಕ್ ಕ್ರಿಯಾಪದಗಳನ್ನೆಲ್ಲ ಪರದೆಯ ಕೆಳಗೇ ಬರೆದಿಟ್ಟರು. ತೆರೆ, ಎಳೆ, ಕೊಡು... ಒತ್ತಿದರೆ ಸಾಕು. ಆ ಆಟಕ್ಕೆಂದೇ ಹುಟ್ಟಿದ ಸ್ಕ್ರಿಪ್ಟ್ ಭಾಷೆಯ ಹೆಸರು 'ಸ್ಕಮ್'. ಕಥೆಯೆಲ್ಲ ಸ್ಕ್ರಿಪ್ಟಿನಲ್ಲಿ, ಅದನ್ನು ಓಡಿಸೋ ಇಂಟರ್‌ಪ್ರಿಟರ್ ಬೇರೆ. ಎಂಥಾ ಒಳ್ಳೇ ಡಿಸೈನ್ ನೋಡಿ! 2001ರಲ್ಲಿ ಶುರುವಾದ 'ಸ್ಕಮ್‌ವಿಎಂ'ನವರು ಇಂಟರ್‌ಪ್ರಿಟರನ್ನಷ್ಟೇ ಹೊಸದಾಗಿ ಬರೆದರು. 1991ರ ಡಾಸ್ ಆಟ ನನ್ನ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಹಾಗೆ. ನಾನು ಬರೆದ ಕೋಡು ಮೂರು ವರ್ಷಕ್ಕೇ ಮೂಲೆ ಸೇರುತ್ತೆ, ಅದಿರಲಿ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಒಂಬತ್ತೇ ಕ್ರಿಯಾಪದ ಅಂದಾಗ ಭಾರಿ ಖುಷಿ. ಫ್ಯಾಟ್ ದ್ವೀಪದ ಜಲಪಾತದ ತನಕ ಏನೂ ತೊಂದರೆಯಿಲ್ಲ. ಅಲ್ಲೊಂದು ಪಂಪು ಇದೆ, ತಿರುಗಿಸಿದರೆ ನೀರು ನಿಲ್ಲುತ್ತೆ. ಆದರೆ ಯಾವುದರಿಂದ ತಿರುಗಿಸೋದು? ಇದ್ದ ಸಾಮಾನೆಲ್ಲ ಹಾಕಿ ನೋಡಿದೆ. ಕೊನೆಗೆ ಸೋತು ಉತ್ತರ ಹುಡುಕಿದೆ. ಸ್ಕ್ಯಾಬ್ ದ್ವೀಪದ ಬಾರಿನಲ್ಲಿ ಪಿಯಾನೋ ನುಡಿಸೋ ಜೋಜೋ ಅನ್ನೋ ಕೋತಿ ಇದೆ. ಅದರ ಮೆಟ್ರೋನೋಮಿಗೆ ಬಾಳೆಹಣ್ಣು ಸಿಕ್ಕಿಸಿದರೆ ಅದು ಸೆಟೆದು ನಿಲ್ಲುತ್ತೆ. ಅದನ್ನೇ ಎತ್ತಿಕೊಂಡು ಬಂದು ಪಂಪಿಗೆ ಹಾಕಿ ತಿರುಗಿಸಬೇಕಂತೆ!

ಯಾಕೆ ಅಂದರೆ ಅಮೆರಿಕದಲ್ಲಿ 'ಮಂಕಿ ರೆಂಚ್' ಅಂತ ಒಂದು ಸಾಧನ ಇದೆ. ನಮ್ಮೂರ ಗ್ಯಾರೇಜಿನಲ್ಲಿ ಅಂಥದ್ದಕ್ಕೆಲ್ಲ ಪಾನಾ ಅಂತಾರೆ. ಪಾನಾಕ್ಕೂ ಕೋತಿಗೂ ಎಲ್ಲಿಯ ಸಂಬಂಧ ಮಾರಾಯ್ರೆ? ನನ್ನ ಇಂಗ್ಲಿಷೇ ಸರಿಯಿಲ್ಲ ಅಂದುಕೊಂಡು, ಯಾರಿಗೂ ಹೇಳದೆ ಆಟ ಮುಚ್ಚಿಟ್ಟೆ. ಕೆಲಸಕ್ಕೆ ಸೇರಿದ ಮೇಲೂ ಮೀಟಿಂಗಿನಲ್ಲಿ ಬಾಯಿ ಬಿಡೋಕೆ ಮುಂಚೆ ಆ ಕೋತಿ ನೆನಪಾಗ್ತಿತ್ತು.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಇಂಗ್ಲೆಂಡಿನವರೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರಂತೆ! ಅವರಿಗೂ ಅದು ಬರೀ ಸ್ಪ್ಯಾನರ್. ಪದ ಊಹಿಸೋ ಕಾಟವನ್ನು 1987ರಲ್ಲಿ ಬಾಗಿಲಿಂದ ಹೊರಗೆ ಹಾಕಿದ ಗಿಲ್ಬರ್ಟೇ 1991ರಲ್ಲಿ ಅದನ್ನು ಕಿಟಕಿಯಿಂದ ಒಳಗೆ ಬಿಟ್ಟುಕೊಂಡಿದ್ದ :)

ಮೊನ್ನೆ ಸ್ಕ್ಯಾಬ್ ದ್ವೀಪಕ್ಕೆ ವಾಪಸ್ ಹೋಗಿ ಜೋಜೋನ ಎತ್ತಿಕೊಂಡು ಬಂದು ಪಂಪು ತಿರುಗಿಸಿದೆ. ನೀರು ನಿಂತಿತು, ಹಿಂದೆ ಒಂದು ಸುರಂಗ. ಶನಿವಾರ ಒಳಗೆ ಹೋಗಬೇಕು.