ಮಾದರಿ ವರ್ಷದ ಚರಿತ್ರೆ ಮತ್ತು ವಿದ್ಯುತ್ ಕಾರು
(ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಸಂಗ್ರಹರೂಪ)



ವೈದ್ಯನೊಬ್ಬ ಕಾರಿನ ಚರಿತ್ರೆಯನ್ನು ಹೇಳಲು ನಿಂತಿರುವುದು ತಮಗೆ ಸೋಜಿಗವೆನಿಸಬಹುದು. ಆದರೆ ದುಬೈ, ಅಬುಧಾಬಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಮನೆ ಬಾಡಿಗೆ ಮತ್ತು ಮಕ್ಕಳ ಶಾಲಾ ಶುಲ್ಕದ ನಂತರ ಬರುವ ದೊಡ್ಡ ವೆಚ್ಚ ಕಾರಿನದು. ವಿದ್ಯುತ್ ಕಾರು ಕೊಳ್ಳಹೊರಟವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಈಗಲೇ ಬುಕ್ ಮಾಡುವುದೋ, ಹೊಸ ಮಾದರಿ ಬರುವವರೆಗೆ ಕಾಯುವುದೋ? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ.

ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಮೂಲಭೂತವಾಗಿ ಒಂದೇ ಕಾರನ್ನು, ಅಂದರೆ 'ಮಾಡೆಲ್ ಟಿ'ಯನ್ನು, ತಯಾರಿಸಿದ. ಒಂದೂವರೆ ಕೋಟಿ ಕಾರುಗಳು ಮಾರಾಟವಾದವು. ಜನರಲ್ ಮೋಟಾರ್ಸ್ ಸಂಸ್ಥೆಯ ಆಲ್ಫ್ರೆಡ್ ಸ್ಲೋನ್ ಅವರದು ಬೇರೆಯೇ ನೀತಿ. ಪ್ರತಿವರ್ಷ ಕಾರಿನ ಬಣ್ಣ, ಆಕಾರ, ಸೌಕರ್ಯಗಳನ್ನು ಕೊಂಚ ಬದಲಿಸಿದರೆ ಹಳೆಯ ಕಾರಿನ ಒಡೆಯನಿಗೆ ಹೊಸದರ ಮೇಲೆ ಮನಸ್ಸಾಗುತ್ತದೆ ಎಂಬುದು ಅದರ ತಿರುಳು. 1927ರಲ್ಲಿ ಫೋರ್ಡ್ ತನ್ನ ಕಾರ್ಖಾನೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿ 'ಮಾಡೆಲ್ ಎ' ಕಾರಿಗೆ ಅಣಿಯಾಗಬೇಕಾಯಿತು. ಅದೇ ವರ್ಷ ಷೆವರ್ಲೆ ಮಾರಾಟದಲ್ಲಿ ಫೋರ್ಡ್ ಕಾರನ್ನು ಹಿಂದಿಕ್ಕಿತು. ಹೀಗೆ 'ಮಾದರಿ ವರ್ಷ'ವೆಂಬ ಪದ್ಧತಿ ಬೇರೂರಿತು. ಅದು ಪಂಚಾಂಗದ ವರ್ಷವಲ್ಲ. ಅಮೆರಿಕದಲ್ಲಿ 2025ರ ಮಾದರಿಯನ್ನು 2024ರಲ್ಲಿಯೇ ಮಾರಬಹುದು. ಅಲ್ಲಿನ ಕಾರುಗಳ 17 ಅಂಕಿ-ಅಕ್ಷರಗಳ ಗುರುತುಸಂಖ್ಯೆಯಲ್ಲಿ ಹತ್ತನೆಯದು ಈ ವರ್ಷವನ್ನು ಸೂಚಿಸುತ್ತದೆ: 'ಆರ್' ಎಂದರೆ 2024, 'ಎಸ್' ಎಂದರೆ 2025.

ಪೆಟ್ರೋಲ್ ಕಾರುಗಳಲ್ಲಿ ಈ ಬದಲಾವಣೆ ಬಹುತೇಕ ಹೊರಮೈಯದು. ವಿದ್ಯುತ್ ಕಾರಿನಲ್ಲಿ ಹಾಗಲ್ಲ. ಅಲ್ಲಿ ಬದಲಾಗುವುದು ಹಲವೊಮ್ಮೆ ಹೃದಯವೇ, ಅಂದರೆ ಬ್ಯಾಟರಿ. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರ ಕಾರಿನ ತಂಡದಲ್ಲಿ ದುಡಿದ ಚೇತನ್ ಮೈನಿ ಅವರು ರೂಪಿಸಿದ 'ರೇವಾ' 2001ರಲ್ಲಿ ಮಾರುಕಟ್ಟೆಗೆ ಬಂದಿತು. ಸೀಸ-ಆಮ್ಲದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ. 'ಜಿ-ವಿಜ್' ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. 2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂದಾಗ ಓಟ ಸುಮಾರು 120 ಕಿಲೋಮೀಟರಿಗೆ ಏರಿತು. ನೋಡಲು ಅದೇ ಕಾರು, ಸಾಮರ್ಥ್ಯದಲ್ಲಿ ಒಂದೂವರೆ ಪಟ್ಟು! 2010ರಲ್ಲಿ ಮಹೀಂದ್ರಾ ಸಂಸ್ಥೆ ಆ ಕಂಪನಿಯ ಒಡೆತನ ಪಡೆಯಿತು. 2013ರಲ್ಲಿ 'ಇ2ಒ' ಬಂದು ರೇವಾ ಚರಿತ್ರೆಗೆ ಸೇರಿತು.

ಮರುಭೂಮಿಯಲ್ಲಿರುವ ನಮಗೆ ಇನ್ನೂ ಹತ್ತಿರದ ಉದಾಹರಣೆ ನಿಸ್ಸಾನ್ 'ಲೀಫ್'. 2010ರ ಕೊನೆಯಲ್ಲಿ ಬಿಡುಗಡೆಯಾದ ಈ ಕಾರಿನ ಬ್ಯಾಟರಿಗೆ ದ್ರವದಿಂದ ತಂಪುಗೊಳಿಸುವ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಲ್ಲಿ, ಅಂದರೆ ನಮ್ಮಂತೆಯೇ ಬೇಸಿಗೆಯಲ್ಲಿ ಕುದಿಯುವ ನಾಡಿನಲ್ಲಿ, ಬ್ಯಾಟರಿ ಬೇಗ ಸೊರಗುತ್ತಿದೆಯೆಂದು 2012ರಲ್ಲಿ ಒಡೆಯರು ದೂರಿದರು. ತಾಪವನ್ನು ಹೆಚ್ಚು ತಾಳಬಲ್ಲ ಬ್ಯಾಟರಿ ಬಂದದ್ದು 2015ರ ಮಾದರಿಯಲ್ಲಿ. ಬಿಸಿಲಿನ ನಾಡಿನಲ್ಲಿ 2014ರ ಕಾರಿಗೂ 2015ರ ಕಾರಿಗೂ ಇದ್ದ ಅಂತರ ಬಣ್ಣದ್ದಲ್ಲ, ಆಯುಷ್ಯದ್ದು.

ಈ ದೇಶದಲ್ಲಿ ದುಬೈ ವಿದ್ಯುತ್ ಮತ್ತು ಜಲ ಪ್ರಾಧಿಕಾರವು 2014ರಲ್ಲಿ ಚಾರ್ಜಿಂಗ್ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ಟೆಸ್ಲಾ 2017ರಲ್ಲಿ ಕಾಲಿಟ್ಟಿತು. ಟೆಸ್ಲಾ ಹೊಸ ಮಾದರಿ ವರ್ಷಕ್ಕಾಗಿ ಕಾಯದೆ ನಡುನಡುವೆಯೇ ಕಾರನ್ನು ಮಾರ್ಪಡಿಸುವ ಪದ್ಧತಿಯದು. 'ಮಾಡೆಲ್ 3'ರ ಪರಿಷ್ಕೃತ ರೂಪ ಯೂರೋಪು ಮತ್ತು ಮಧ್ಯಪ್ರಾಚ್ಯಗಳಿಗೆ 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು; ಉತ್ತರ ಅಮೆರಿಕಕ್ಕೆ 2024ರ ಜನವರಿಯಲ್ಲಿ. ನಡುವಿನ ತಿಂಗಳುಗಳಲ್ಲಿ ಒಂದೇ ಹೆಸರಿನ ಎರಡು ಕಾರುಗಳು ಲೋಕದಲ್ಲಿ ಮಾರಾಟವಾಗುತ್ತಿದ್ದವು.

ವಲಸಿಗರಾದ ನಮಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಕೆಲಸ ಮುಗಿದು ವೀಸಾ ರದ್ದಾದರೆ ಅಲ್ಪಕಾಲದಲ್ಲಿ ಕಾರನ್ನು ಮಾರಿ ಊರಿನ ವಿಮಾನ ಹತ್ತಬೇಕು. ಆಗ ಕೊಳ್ಳುವವನು ಮೊದಲು ನೋಡುವುದು ಮುಲ್ಕಿಯಾದಲ್ಲಿ ಬರೆದಿರುವ ಮಾದರಿ ವರ್ಷವನ್ನು. ತಾವು ಕೊಂಡ ತಿಂಗಳನ್ನಲ್ಲ. ಡಿಸೆಂಬರಿನಲ್ಲಿ ಕೊಂಡ ಹಳೆಯ ಮಾದರಿ ಜನವರಿಯಲ್ಲಿ ಲೆಕ್ಕಕ್ಕೆ ಒಂದು ವರ್ಷ ಹಳತು.

ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು. ಮೊದಲನೆಯದು, ಕೈಗೆ ಬರುವ ಕಾರಿನ ಮಾದರಿ ವರ್ಷ. ಎರಡನೆಯದು, ಬ್ಯಾಟರಿ ಯಾವುದು, ಅದನ್ನು ತಂಪುಗೊಳಿಸುವ ಬಗೆ ಯಾವುದು, ಅದರ ವಾರಂಟಿ ಈ ದೇಶದಲ್ಲಿ ಸಲ್ಲುವುದೇ ಎಂಬುದು; ಬೇರೆ ದೇಶಗಳಿಗೆಂದು ತಯಾರಾಗಿ ಇಲ್ಲಿಗೆ ಬಂದ ಅಗ್ಗದ ಕಾರುಗಳಲ್ಲಿ ಇದು ಮುಖ್ಯ. ಮೂರನೆಯದು, ಬುಕ್ ಮಾಡಿದ ಮೇಲೆ ಮಾದರಿ ಬದಲಾದರೆ ಹೊಸದನ್ನು ಪಡೆಯುವ ಅಥವಾ ಮುಂಗಡ ಹಿಂಪಡೆಯುವ ಹಕ್ಕು.

ಹಾಗೆಂದು ಸದಾ ಕಾಯುತ್ತಲೇ ಇರುವುದೂ ಜಾಣತನವಲ್ಲ. ಇನ್ನೂ ಉತ್ತಮವಾದ ಔಷಧಿ ಬರಲಿದೆಯೆಂದು ಇಂದಿನ ಚಿಕಿತ್ಸೆಯನ್ನು ಯಾರೂ ಮುಂದೂಡುವುದಿಲ್ಲ. ಬದಲಾವಣೆ ಹೊರಮೈಯದಾದರೆ ರಿಯಾಯಿತಿ ಕೇಳಿ ಹಳೆಯ ಮಾದರಿಯನ್ನೇ ಕೊಳ್ಳಿರಿ. ಬ್ಯಾಟರಿಯದಾದರೆ ಕೆಲವು ತಿಂಗಳು ತಾಳಿರಿ. ತಾಳಿದವನು ಬಾಳಿಯಾನು ಎಂದ ನಮ್ಮ ಹಿರಿಯರು ಯಾವಾಗ ತಾಳಬೇಕೆಂಬುದನ್ನು ನಮ್ಮ ವಿವೇಕಕ್ಕೇ ಬಿಟ್ಟಿದ್ದಾರೆ.